ಐದನೆಯ ತಪ್ಪು

ಪ್ರಾಕ್ಸಿ ಎಂಬ ಮಾತು ನನಗೆ ಹೊಸದಲ್ಲ. ಕಾಲೇಜಿನ ಮೇಷ್ಟರಿಗೆ ಅದು ಹೊಸದಾಗುವುದಾದರೂ ಹೇಗೆ? ಹಾಜರಿ ಕೂಗುವಾಗ, ಸಿನಿಮಾಕ್ಕೆ ಹೋದ ಗೆಳೆಯನ ಪರವಾಗಿ ಹಿಂದಿನ ಬೆಂಚಿನಿಂದ ದನಿಯನ್ನು ಕೊಂಚ ಬದಲಿಸಿ ‘ಪ್ರೆಸೆಂಟ್ ಸಾರ್’ ಎನ್ನುವ ಪರೋಪಕಾರಕ್ಕೆ ನಮ್ಮ ವಿದ್ಯಾರ್ಥಿಗಳು ಇಟ್ಟಿರುವ ಹೆಸರು ಅದು. ಬಿ.ಎ. ಓದುವಾಗ ನಾನೂ ಆ ಪುಣ್ಯವನ್ನು ಸಾಕಷ್ಟು ಕಟ್ಟಿಕೊಂಡಿದ್ದೇನೆ. ಎಂ.ಎ. ತರಗತಿಯಲ್ಲಿ ನಾವಿದ್ದುದೇ ಹನ್ನೊಂದು ಜನ. ಅಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಆದ್ದರಿಂದ, ಕೆಲವು ವರ್ಷಗಳ ಕೆಳಗೆ ನಮ್ಮ ಕಾಲೇಜಿನ ನೋಟೀಸು ಬೋರ್ಡಿನಲ್ಲಿ ‘ಇನ್ನು ಮುಂದೆ ಎಲ್ಲರೂ ಪ್ರಾಕ್ಸಿಯ ಮೂಲಕವೇ ಹೋಗತಕ್ಕದ್ದು’ ಎಂದು ಪ್ರಾಂಶುಪಾಲರ ಸಹಿಯೊಡನೆ ಬಂದಾಗ, ಹುಡುಗರ ಜೊತೆಯಲ್ಲಿ ನಾನೂ ನಿಂತು ನಕ್ಕೆ.

ನಗುವಂಥದ್ದೇನೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಕಾಲೇಜಿನ ಕಂಪ್ಯೂಟರುಗಳು ನೇರವಾಗಿ ಇಂಟರ್‌ನೆಟ್ಟಿಗೆ ಹೋಗುವಂತಿಲ್ಲ. ನಡುವೆ ಒಂದು ಯಂತ್ರ ಕುಳಿತಿರುತ್ತದೆ. ನಮಗೆ ಬೇಕಾದುದನ್ನು ಅದಕ್ಕೆ ಹೇಳಬೇಕು. ಅದು ನಮ್ಮ ಪರವಾಗಿ ಹೊರಗೆ ಹೋಗಿ, ಕೇಳಿ, ತಂದುಕೊಡುತ್ತದೆ. ಹಿಂದಿನ ಬೆಂಚಿನ ಹುಡುಗನ ಕೆಲಸವೇ, ಆದರೆ ಸರ್ಕಾರಿ ಮೊಹರಿನೊಡನೆ. ಈ ಕೆಲಸ ಮಾಡುವ ತಂತ್ರಾಂಶದ ಹೆಸರು ಸ್ಕ್ವಿಡ್. 1996ರಿಂದಲೂ ಬಳಕೆಯಲ್ಲಿದೆ, ಕಾಸು ಕೊಡಬೇಕಾಗಿಲ್ಲ. ಸ್ಕ್ವಿಡ್ ಎಂದರೆ ಕಡಲಿನ ಒಂದು ಪ್ರಾಣಿ, ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆದು ಸುಕ್ಕ ಮಾಡಿ ತಿನ್ನುವಂಥದು. ಸಸ್ಯಾಹಾರಿಯಾದ ನಾನು ದಿನವೂ ಅದರ ಕೃಪೆಯಿಂದಲೇ ನಿಘಂಟು ನೋಡಬೇಕಾಗಿ ಬಂದಿರುವುದು ವಿಧಿವಿಲಾಸ. ಮೊಬೈಲು ಇಲ್ಲವೆ ಎಂದು ವಾಚಕರು ಕೇಳಬಹುದು. ನಮ್ಮದು ಹಳೆಯ ಕಲ್ಲಿನ ಕಟ್ಟಡ. ಗೋಡೆ ಎರಡಡಿ ದಪ್ಪ. ಒಳಗೆ ಫೋನು ಗಡಿಯಾರವಾಗಿ ಮಾತ್ರ ಉಪಯೋಗಕ್ಕೆ ಬರುತ್ತದೆ.

ಈ ಯಂತ್ರ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಒಂದು ಚೌಕವನ್ನು ಮುಂದೆ ಹಿಡಿದು ಹೆಸರು, ಪಾಸ್‌ವರ್ಡ್ ಎರಡನ್ನೂ ಕೇಳುತ್ತದೆ. ಪಾಸ್‌ವರ್ಡ್ ತಪ್ಪಿದರೆ ಮತ್ತೆ ಅದೇ ಚೌಕ. ಒಂದೇ ಸಮನೆ ಐದು ಸಲ ತಪ್ಪಿದರೆ ಅರ್ಧ ಗಂಟೆ ಬೀಗ. ಆಮೇಲೆ ಸರಿಯಾದುದನ್ನೇ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲ ದಿನವೇ ನಾನು ಬೀಗ ಹಾಕಿಸಿಕೊಂಡೆ. ಕಾರಣ, ನನ್ನ ಕನ್ನಡಾಭಿಮಾನ. ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡುತ್ತಿದ್ದವನು ನುಡಿ ತಂತ್ರಾಂಶವನ್ನು ಇಂಗ್ಲಿಷಿಗೆ ತಿರುಗಿಸುವುದನ್ನು ಮರೆತಿದ್ದೆ. ನಾನು ಒತ್ತಿದ ಇಂಗ್ಲಿಷ್ ಅಕ್ಷರಗಳೆಲ್ಲ ಒಳಗೆ ಕನ್ನಡವಾಗಿ ಹೋಗುತ್ತಿದ್ದುವು. ಕಾಣಿಸುವುದು ಬರಿಯ ಚುಕ್ಕಿ ತಾನೆ? ಚುಕ್ಕಿಗೆ ಭಾಷೆಯುಂಟೆ? ಐದು ಸಲವೂ ನಾನು ಸರಿಯಾಗಿಯೇ ಒತ್ತಿದ್ದೆ. ಐದು ಸಲವೂ ತಪ್ಪಾಗಿತ್ತು. ಆ ದಿನ ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಈಚೆಗೆ ನಡೆದದ್ದನ್ನು ಅಷ್ಟು ಸುಲಭವಾಗಿ ಹೇಳಿಕೊಳ್ಳಲು ಆಗಿಲ್ಲ.

ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕೆಂದು ನಮ್ಮಲ್ಲಿ ನಿಯಮ. ಒಂದು ಶುಕ್ರವಾರ ಸಂಜೆ ನಾನು ವಿಧೇಯನಾಗಿ ಬದಲಾಯಿಸಿ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಬೀಗ. ಅರ್ಧ ಗಂಟೆ ಕಾದೆ, ತೆರೆಯಿತು. ವಿಶ್ವವಿದ್ಯಾನಿಲಯಕ್ಕೆ ಕಳಿಸಬೇಕಾದ ಆಂತರಿಕ ಅಂಕಗಳ ಪಟ್ಟಿಯನ್ನು ತುಂಬುತ್ತ ಕುಳಿತೆ. ಗಂಟೆ ಹೊಡೆಯಿತು. ದ್ವಿತೀಯ ಬಿ.ಎ.ಗೆ ಪಂಪನ ಪಾಠ ಮಾಡಿ ಬಂದೆ, ಮತ್ತೆ ಬೀಗ. ಕಾಫಿ ಕುಡಿದು ಬಂದೆ, ತೆರೆದಿತ್ತು. ಇನ್ನೊಂದು ತರಗತಿಗೆ ಹೋಗಿ ಬಂದೆ, ಬೀಗ. ನಾನು ಕೋಣೆಯಲ್ಲಿ ಕುಳಿತಿರುವಷ್ಟು ಹೊತ್ತು ಸುಮ್ಮನಿದ್ದು, ಪಾಠಕ್ಕೆ ಎದ್ದೊಡನೆ ಯಾರೋ ನನ್ನ ಬಾಗಿಲಿಗೆ ಚಿಲಕ ಹಾಕುತ್ತಿದ್ದಾರೆಂದು ತೋರಿತು. ಮಂಗಳವಾರವೂ ಅದೇ ಕಥೆ.

ಮೊದಲನೆಯ ಮಹಡಿಯ ಮೂಲೆಯಲ್ಲಿ ಸರ್ವರ್ ಕೋಣೆ. ಕಾಲೇಜಿನಲ್ಲೆಲ್ಲ ತಣ್ಣಗಿರುವ ಜಾಗ ಅದೊಂದೇ. ಅಲ್ಲಿಯ ತರುಣ ಒಂದು ಕಾಲಕ್ಕೆ ನನ್ನ ಶಿಷ್ಯ. ಸಂಧಿ ಸಮಾಸಗಳಲ್ಲಿ ಅವನಿಗೆ ನಾನು ಕೊಟ್ಟ ಅಂಕಗಳನ್ನು ನೆನೆದರೆ ಈಗ ಅವನೆದುರು ನಿಲ್ಲಲು ಸಂಕೋಚವಾಗುತ್ತದೆ. ಅವನು ಪರದೆಯ ಮೇಲೆ ಸ್ಕ್ವಿಡ್‌ನ ದಿನಚರಿಯನ್ನು ತೆರೆದ. ಯಾರು, ಯಾವ ಯಂತ್ರದಿಂದ, ಯಾವ ಸೆಕೆಂಡಿನಲ್ಲಿ, ಏನು ಕೇಳಿದರು, ಏನು ಉತ್ತರ ಸಿಕ್ಕಿತು ಎಲ್ಲವೂ ಒಂದೊಂದು ಸಾಲಿನಲ್ಲಿ. ಚಿತ್ರಗುಪ್ತನಿಗೂ ಇಷ್ಟು ಅಚ್ಚುಕಟ್ಟು ಇದ್ದೀತೋ ಇಲ್ಲವೋ. ನನ್ನ ಹೆಸರಿನ ಮುಂದೆ ‘ಡಿನೈಡ್ 407’ ಎಂಬ ಸಾಲುಗಳು ಉದ್ದಕ್ಕೆ ನಿಂತಿದ್ದುವು.

“ಸಾರ್, ನಿಮ್ಮ ಹೆಸರಲ್ಲಿ ಯಾರೋ ಟ್ರೈ ಮಾಡ್ತಾ ಇದಾರೆ. ಲೈಬ್ರರಿಯ ನಾಲ್ಕನೇ ಮೆಷಿನ್ನಿಂದ.”

ನಮ್ಮ ಗ್ರಂಥಾಲಯದಲ್ಲಿ ಕಂಪ್ಯೂಟರಿಗೆ ಕೂರುವವರು ಪುಸ್ತಕದಲ್ಲಿ ಸಹಿ ಮಾಡಬೇಕು. ಹೋಗಿ ನೋಡಿದೆ. ಸೋಮವಾರವೂ ಮಂಗಳವಾರವೂ ನಾಲ್ಕನೆಯ ಯಂತ್ರದ ಮುಂದೆ ಒಬ್ಬನದೇ ಸಹಿ. ನನ್ನ ತರಗತಿಯ ಹುಡುಗನೇ. ಹದಿನೈದು ದಿನಗಳ ಹಿಂದೆ ಪ್ರಬಂಧವನ್ನು ಗೆಳೆಯನದರಿಂದ ನಕಲು ಮಾಡಿದ್ದಾನೆಂದು ಎಲ್ಲರ ಮುಂದೆ ನಿಲ್ಲಿಸಿ ಗದರಿದ್ದೆ. ಇನ್ನೇನು ಬೇಕು? ಉದ್ದೇಶವೂ ಸಿಕ್ಕಿತು, ಸಾಕ್ಷಿಯೂ ಸಿಕ್ಕಿತು. ಇನ್ನೊಬ್ಬನನ್ನು ಹೊರಗೆ ನಿಲ್ಲಿಸಬೇಕಾದರೆ ಅವನ ಪಾಸ್‌ವರ್ಡ್ ತಿಳಿದಿರಬೇಕಾಗಿಯೂ ಇಲ್ಲ. ಹೆಸರು ತಿಳಿದಿದ್ದು ಐದು ಸಲ ಬೇಕೆಂದೇ ತಪ್ಪು ಬರೆದರೆ ಸಾಕು. ಮೇಷ್ಟರ ಹೆಸರು ಯಾವ ವಿದ್ಯಾರ್ಥಿಗೆ ತಿಳಿಯದು? ಎಂಥ ಉಪಾಯ ಎಂದು ಒಳಗೊಳಗೇ ಅವನ ಬುದ್ಧಿಯನ್ನು ಮೆಚ್ಚಿಕೊಂಡು, ಹೊರಗೆ ಕೆಂಡವಾಗಿ, ಪ್ರಾಂಶುಪಾಲರಿಗೆ ಒಂದು ಪುಟದ ದೂರು ಬರೆದೆ. ಭಾಷೆಯ ಮೇಷ್ಟರ ದೂರು, ಚೆನ್ನಾಗಿಯೇ ಇತ್ತು.

ಹುಡುಗನನ್ನು ಕರೆಸಿದರು. ತೆಳ್ಳನೆಯ, ಎತ್ತರದ ಹುಡುಗ. ಹಳ್ಳಿಯಿಂದ ದಿನವೂ ಎರಡು ಬಸ್ಸು ಹಿಡಿದು ಬರುವವನು. “ನನ್ನ ಹೆಸರು ಬರೆದು ಪ್ರಯತ್ನಿಸಿದೆಯೇನಯ್ಯ?” ಎಂದು ಕೇಳಿದೆ. “ಬರೀಲಿಲ್ಲ ಸಾರ್. ಅದು ಬರ್ತಾ ಇತ್ತು” ಎಂದ. “ಏನು ಬರ್ತಾ ಇತ್ತು?” “ಆ ಬಾಕ್ಸು ಸಾರ್. ನಾನು ಓಕೆ ಒತ್ತಿದೆ.” “ಅಂದರೆ ಒತ್ತಿದ್ದು ನೀನೇ?” “ಹೌದು ಸಾರ್.” ಪ್ರಾಂಶುಪಾಲರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಪ್ಪಿಕೊಂಡ ಮೇಲೆ ಇನ್ನೇನು ವಿಚಾರಣೆ? ಬುಧವಾರದಿಂದ ಹದಿನೈದು ದಿನ ಅವನಿಗೆ ಕಂಪ್ಯೂಟರು ಇಲ್ಲ ಎಂದಾಯಿತು. ಅವನು ಏನನ್ನೋ ಹೇಳಲು ಬಾಯಿ ತೆರೆದು, ಮುಚ್ಚಿ, ಹೊರಟುಹೋದ. ಅಂಕಗಳ ಪಟ್ಟಿಯನ್ನು ನಾನು ಅದೇ ರಾತ್ರಿ ಮನೆಯಲ್ಲಿ ಕುಳಿತು ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆ. ಸೋಮವಾರವೇ ಹಾಗೆ ಮಾಡಬಹುದಾಗಿತ್ತು. ಆದರೆ ಆಗ ನನಗೆ ಬೇಕಾಗಿದ್ದದ್ದು ಪಟ್ಟಿ ಮುಗಿಯುವುದಲ್ಲ.

ಗುರುವಾರ ಬೆಳಿಗ್ಗೆ ಪಾಠ ಮುಗಿಸಿ ಬಂದೆ. ಬೀಗ.

ಒಂದು ಕ್ಷಣ, ಆ ಹುಡುಗ ಕಿಟಕಿ ಹತ್ತಿ ಗ್ರಂಥಾಲಯಕ್ಕೆ ಇಳಿದನೆಂದೇ ಭಾವಿಸಿದೆ. ಮನುಷ್ಯ ತಾನು ಬರೆದ ದೂರನ್ನು ನಂಬುವಷ್ಟು ಬೇರೆ ಯಾವ ಗ್ರಂಥವನ್ನೂ ನಂಬುವುದಿಲ್ಲ. ಮತ್ತೆ ಸರ್ವರ್ ಕೋಣೆಗೆ ಹೋದೆ. ಈ ಸಲ ತರುಣ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ದಿನಚರಿಯನ್ನು ಹಿಂದಕ್ಕೆ, ಶುಕ್ರವಾರದವರೆಗೆ ಓಡಿಸಿದ. ಓಡಿಸುತ್ತ ಅವನು ಹೇಳಿದ ಮಾತುಗಳನ್ನು ನನಗೆ ಅರ್ಥವಾದ ಮಟ್ಟಿಗೆ ಬರೆಯುತ್ತೇನೆ.

407 ಎಂದರೆ ‘ಮೊದಲು ನಿನ್ನ ಗುರುತು ಹೇಳು’ ಎಂದು ಪ್ರಾಕ್ಸಿ ಕೊಡುವ ಉತ್ತರ. ಅದು ಬಂದ ಮಾತ್ರಕ್ಕೆ ಯಾರೋ ತಪ್ಪು ಮಾಡಿದರೆಂದು ಅರ್ಥವಲ್ಲ. ಬ್ರೌಸರು ಮೊದಲ ಸಲ ಹೋಗುವಾಗ ಹೆಸರನ್ನು ಹೇಳುವುದೇ ಇಲ್ಲ. ಕೇಳದೆ ಹೇಳುವ ಪದ್ಧತಿ ಅದಕ್ಕಿಲ್ಲ. ಬರಿಗೈಯಲ್ಲಿ ಹೋಗುತ್ತದೆ, 407 ಎನ್ನಿಸಿಕೊಳ್ಳುತ್ತದೆ, ಆಮೇಲೆ ಹೆಸರು, ಪಾಸ್‌ವರ್ಡ್ ಹಿಡಿದು ಮತ್ತೆ ಹೋಗುತ್ತದೆ. ಅಂದರೆ ಅತ್ಯಂತ ಸಾಧುವಾದ ಮನುಷ್ಯನ ದಿನವೂ ಒಂದು ನಿರಾಕರಣೆಯಿಂದಲೇ ಆರಂಭವಾಗುತ್ತದೆ. ಹೀಗೆ ಹೆಸರಿಲ್ಲದೆ ಬಂದವನ ಸಾಲಿನಲ್ಲಿ, ಹೆಸರಿರಬೇಕಾದ ಕಡೆ ಒಂದು ಅಡ್ಡಗೆರೆ ಇರುತ್ತದೆ. ಪಾಸ್‌ವರ್ಡ್ ತಪ್ಪು ಹೇಳಿದವನ ಸಾಲಿನಲ್ಲಿ ಅವನ ಹೆಸರಿರುತ್ತದೆ. ಆ ಅಡ್ಡಗೆರೆಯನ್ನು ನೋಡಲು ತಿಳಿಯದವನಿಗೆ ಎರಡೂ ಒಂದೇ.

“ನಂಗೂ ಮೊದಲು ತಿಳೀತಿರ್ಲಿಲ್ಲ ಸಾರ್” ಎಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ದಿನಚರಿಯನ್ನು ಓದುತ್ತ ಕುಳಿತಿದ್ದು ತಪ್ಪು ಮಾಡಿದವರ ಯಂತ್ರವನ್ನೇ ಹೊರಗಿಡುವ ಒಂದು ಕಾವಲು ತಂತ್ರಾಂಶವನ್ನು ಹಾಕಿದ್ದನಂತೆ. ಫೇಲ್‌ಟುಬ್ಯಾನ್ ಎಂದು ಹೆಸರು. ಹತ್ತು ನಿಮಿಷದಲ್ಲಿ ಐದು ತಪ್ಪು ಕಂಡರೆ ಹತ್ತು ನಿಮಿಷ ಹೊರಗೆ, ಇದು ಅದು ಹುಟ್ಟಿದಾಗಿನಿಂದ ತಂದ ಲೆಕ್ಕ. ಇವನು 407 ಕಂಡಲ್ಲೆಲ್ಲ ತಪ್ಪು ಎಂದು ಬರೆದುಕೊಟ್ಟ. ಹತ್ತು ಗಂಟೆಗೆ ಕಾಲೇಜು ತೆರೆಯಿತು. ಹತ್ತೂಕಾಲಿಗೆ ಗಣಿತ ವಿಭಾಗ ಪೂರ್ತಿ ಹೊರಗಿತ್ತು. ವಿದ್ಯಾರ್ಥಿನಿಲಯದ ನೂರಾರು ಹುಡುಗರು ಒಂದೇ ವಿಳಾಸದ ಹಿಂದಿನಿಂದ ಬರುತ್ತಿದ್ದುದರಿಂದ, ನಿಲಯಕ್ಕೆ ನಿಲಯವೇ ಒಬ್ಬ ಅಪರಾಧಿಯಾಯಿತು. ವೈಕುಂಠದ ಬಾಗಿಲಲ್ಲಿ ಜಯವಿಜಯರು ಸನಕಾದಿಗಳನ್ನು ತಡೆದು ಶಾಪ ತಗುಲಿಸಿಕೊಂಡದ್ದು ನನಗೆ ನೆನಪಾಯಿತು. ಇವನಿಗೆ ತಗುಲಿದ್ದು ಪ್ರಾಂಶುಪಾಲರ ಮೆಮೊ ಮಾತ್ರ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಸ್ಕ್ವಿಡ್‌ಗೆ ಸ್ವತಃ ತಿಳಿಯದು. ಅದು ಪಕ್ಕದ ಒಬ್ಬ ಸಹಾಯಕನನ್ನು ಕೇಳುತ್ತದೆ. ಬರುವ ಉತ್ತರದ ಮೊದಲ ಮಾತು ‘ಓಕೆ’, ಇಲ್ಲವಾದರೆ ‘ಇ-ಆರ್-ಆರ್’. ಬಂದವನು ಕಳ್ಳನೋ, ಮರೆಗುಳಿಯೋ, ನುಡಿಯನ್ನು ತಿರುಗಿಸದೆ ಬಂದ ಕನ್ನಡ ಮೇಷ್ಟರೋ ಎಂಬುದಕ್ಕೆ ಆ ಉತ್ತರದಲ್ಲಿ ಜಾಗವಿಲ್ಲ. ಐದು ಎಣಿಸಿ ಬೀಗ ಹಾಕುವವನಂತೂ ಇನ್ನೂ ಹಿಂದೆ, ಎಲ್ಲರ ಹೆಸರಿಟ್ಟುಕೊಂಡ ಇನ್ನೊಂದು ಯಂತ್ರದಲ್ಲಿದ್ದಾನೆ. ಅವನು ಯಾರ ಮುಖವನ್ನೂ ನೋಡಿದವನಲ್ಲ.

ಅಷ್ಟರಲ್ಲಿ ಪರದೆ ಭಾನುವಾರಕ್ಕೆ ಬಂದು ನಿಂತಿತು. ನನ್ನ ಹೆಸರು, ನಾಲ್ಕನೆಯ ಯಂತ್ರ, 407. ಹತ್ತು ನಿಮಿಷದ ನಂತರ ಮತ್ತೆ. ಹತ್ತು ನಿಮಿಷದ ನಂತರ ಮತ್ತೆ. ನಡುರಾತ್ರಿಯಲ್ಲಿ, ಕೋಳಿ ಕೂಗುವ ಹೊತ್ತಿನಲ್ಲಿ, ಮಧ್ಯಾಹ್ನದ ಊಟದ ವೇಳೆಯಲ್ಲಿ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೀಗ ಹಾಕಿದ ಗ್ರಂಥಾಲಯದೊಳಗಿನಿಂದ ಒಂದು ದಿನಕ್ಕೆ 144 ಸಲ.

“ಇದು ಮನುಷ್ಯನ ಕೈ ಅಲ್ಲ ಸಾರ್” ಎಂದ ತರುಣ. “ನೀವೇನಾದ್ರೂ ಆ ಮೆಷಿನ್ನಲ್ಲಿ ಲಾಗಿನ್ ಆಗಿದ್ರಾ?”

ಆಗಿದ್ದೆ. ಎರಡು ತಿಂಗಳ ಹಿಂದೆ ಹುಡುಗರಿಗೆ ಶಾಸನಗಳ ಚಿತ್ರಗಳನ್ನು ತೋರಿಸಲು ಅಲ್ಲಿ ಕುಳಿತಿದ್ದೆ. ‘ಇದನ್ನು ನೆನಪಿಟ್ಟುಕೊಳ್ಳಲೆ?’ ಎಂದು ಆ ಚೌಕ ವಿನಯದಿಂದ ಕೇಳಿತ್ತು. ಕೇಳುವವರು ವಿನಯದಿಂದ ಕೇಳಿದರೆ ಹೂಂ ಎನ್ನುವುದು ನನ್ನ ಸ್ವಭಾವ. ಅದು ನೆನಪಿಟ್ಟುಕೊಂಡಿತು. ಶುಕ್ರವಾರ ನಾನು ಹೊಸ ಪಾಸ್‌ವರ್ಡ್ ಮಾಡಿಕೊಂಡು ಮನೆಗೆ ಹೋದೆ. ಆ ಯಂತ್ರಕ್ಕೆ ಹೇಳಿದವರು ಯಾರು? ಒಳಗಿನ ಯಾವುದೋ ತಂತ್ರಾಂಶ, ತನ್ನ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಲು, ಹತ್ತು ನಿಮಿಷಕ್ಕೊಮ್ಮೆ ನನ್ನ ಹಳೆಯ ಪಾಸ್‌ವರ್ಡ್ ಹಿಡಿದು ಬಾಗಿಲು ತಟ್ಟುತ್ತಿತ್ತು. ನಾನು ಕೋಣೆಯಲ್ಲಿ ಕೆಲಸ ಮಾಡುತ್ತಿರುವಾಗ ನನ್ನ ಸರಿಯಾದ ಪಾಸ್‌ವರ್ಡ್ ನಡುನಡುವೆ ಹೋಗಿ ಲೆಕ್ಕವನ್ನು ಅಳಿಸಿಬಿಡುತ್ತಿತ್ತು. ನಾನು ಪಾಠಕ್ಕೆ ಹೋದರೆ ಅಳಿಸುವವರಿಲ್ಲ. ನಮ್ಮಲ್ಲಿ ಒಂದು ಪಿರಿಯಡ್ಡಿಗೆ ಐವತ್ತು ನಿಮಿಷ. ಹತ್ತರಂತೆ ಐದು ತಪ್ಪು. ಐದನೆಯ ತಪ್ಪಿಗೂ ಗಂಟೆ ಹೊಡೆಯುವುದಕ್ಕೂ ಸರಿಹೋಗುತ್ತಿತ್ತು.

ಹುಡುಗ ಒತ್ತಿದ ಓಕೆಯೂ ಇಷ್ಟೆ. ಪಾಸ್‌ವರ್ಡ್ ಒಪ್ಪಿಗೆಯಾಗದಿದ್ದರೆ ಚೌಕ, ನನ್ನ ಹೆಸರನ್ನು ತುಂಬಿಕೊಂಡೇ, ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. ಯಾರೇ ಕುಳಿತಿದ್ದರೂ ಅದನ್ನು ಆಚೆಗೆ ಸರಿಸಲು ಓಕೆ ಒತ್ತುತ್ತಿದ್ದರು. ನಾನಾದರೂ ಒತ್ತುತ್ತಿದ್ದೆ.

ನಾಚಿಕೆಯನ್ನು ಮರೆಸಿಕೊಳ್ಳಲು ನಾನು ನಿಯಮವನ್ನು ಬಯ್ದೆ. ಈ ಐದರ ಬೀಗವೇ ಬೇಡ, ತೆಗೆದುಹಾಕು ಎಂದೆ. ಆತ ಒಪ್ಪಲಿಲ್ಲ. ವಿದ್ಯಾರ್ಥಿಗಳಿಗೆ ನಾವು ಮೊದಲು ಕೊಡುವ ಪಾಸ್‌ವರ್ಡ್ ಅವರ ಜನ್ಮದಿನ. ಬಹಳ ಜನ ಅದನ್ನು ಬದಲಾಯಿಸುವುದೇ ಇಲ್ಲ. ಒಂದು ತರಗತಿಯ ಹುಡುಗರೆಲ್ಲ ಮೂರು ವರ್ಷಗಳ ಒಳಗೆ ಹುಟ್ಟಿದವರೆಂದರೆ ಇರುವುದು ಸುಮಾರು 1,100 ದಿನಗಳು. ಬೀಗವಿಲ್ಲದಿದ್ದರೆ ಯಂತ್ರವೊಂದು ಅಷ್ಟನ್ನೂ ಕೆಲವೇ ನಿಮಿಷಗಳಲ್ಲಿ ಹೇಳಿ ನೋಡುತ್ತದೆ. ಐದಕ್ಕೆ ಅರ್ಧ ಗಂಟೆಯಾದರೆ ಗಂಟೆಗೆ ಹತ್ತು. ನಾಲ್ಕೂವರೆ ದಿನ ಬೇಕು. ಅಷ್ಟರಲ್ಲಿ ಯಾರ ಕಣ್ಣಿಗಾದರೂ ಬೀಳುತ್ತದೆ. ಬುದ್ಧಿವಂತ ಕಳ್ಳ ಒಂದು ಮನೆಗೆ ನೂರು ಕೀಲಿ ಹಾಕುವ ಬದಲು ಒಂದೇ ಕೀಲಿಯನ್ನು ನೂರು ಮನೆಗೆ ಹಾಕಿ ನೋಡುತ್ತಾನೆ. ಅವನಿಗೆ ಈ ಬೀಗ ತಟ್ಟುವುದೇ ಇಲ್ಲ ಎಂಬುದನ್ನೂ ಅವನೇ ಒಪ್ಪಿಕೊಂಡ.

“ಆದರೆ ಐದು ಬಹಳ ಕಡಿಮೆ ಸಾರ್” ಎಂದು ಸೇರಿಸಿದ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯೊಂದು 2017ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಒಂದು ಖಾತೆಗೆ ಒಂದೇ ಸಮನೆ ತಪ್ಪಬಹುದಾದ ಪರಮಾವಧಿಯನ್ನು 100 ಎಂದು ಇಟ್ಟಿದೆಯಂತೆ. ನಾನು ಕುಳಿತಲ್ಲೇ ನೆಟ್ಟಗಾದೆ. ನೂರು! ಶಿಶುಪಾಲನ ತಾಯಿಗೆ ಶ್ರೀಕೃಷ್ಣ ಕೊಟ್ಟ ಭಾಷೆಯೂ ಅಷ್ಟೇ ಅಲ್ಲವೆ? ಸೋದರತ್ತೆಯ ಮಗನಿಗೆ ಇದ್ದ ಸೌಲಭ್ಯ ನಮ್ಮ ಕಾಲೇಜಿನಲ್ಲಿ ಮೇಷ್ಟರಿಗೂ ಇಲ್ಲ. ಅದೇ ಸೂಚನೆಗಳಲ್ಲಿ, ಪಾಸ್‌ವರ್ಡ್ ಬಯಲಾಗಿದೆಯೆಂದು ತಿಳಿದ ಹೊರತು, ಇಷ್ಟು ದಿನಕ್ಕೊಮ್ಮೆ ಬದಲಾಯಿಸಲೇಬೇಕೆಂದು ಜನರನ್ನು ಬಲವಂತ ಮಾಡಬಾರದೆಂದೂ ಇದೆಯಂತೆ. ಇದನ್ನು ಪ್ರಾಂಶುಪಾಲರಿಗೆ ಹೇಳಬಾರದೆ ಎಂದೆ. ಹೇಳಿದ್ದನಂತೆ, ಮೇಲಿನಿಂದ ಆದೇಶ ಬರಲಿ ಎಂದರಂತೆ. ಆದೇಶವಿಲ್ಲದೆ ಮಾಡಬಹುದಾದದ್ದನ್ನು ಅವನು ಅಂದೇ ಮಾಡಿದ. ಒಂದೇ ಯಂತ್ರದಿಂದ ಒಂದೇ ಹಳೆಯ ಪಾಸ್‌ವರ್ಡ್ ಮತ್ತೆ ಮತ್ತೆ ಬಂದರೆ ಅದನ್ನು ಒಂದೇ ತಪ್ಪೆಂದು ಎಣಿಸುವಂತೆ ಬರೆದ. ಬೀಗ ಬಿದ್ದೊಡನೆ ಬೀಗದ ಒಡೆಯನಿಗೆ ಯಾವ ಯಂತ್ರದಿಂದ ಎಂದು ತಿಳಿಸುವ ಏರ್ಪಾಟೂ ಆಯಿತು. ನಾಲ್ಕನೆಯ ಯಂತ್ರದ ನೆನಪಿನಿಂದ ನನ್ನನ್ನು ಅಳಿಸಿದ.

ನಾನು ಪ್ರಾಂಶುಪಾಲರ ಕೋಣೆಗೆ ಹೋಗಿ ದೂರನ್ನು ಹಿಂದಕ್ಕೆ ಪಡೆಯುವ ಪತ್ರ ಬರೆದುಕೊಟ್ಟೆ. ಇದು ಅಷ್ಟು ಚೆನ್ನಾಗಿ ಬರಲಿಲ್ಲ. ಮೂರು ಸಲ ಹರಿದು ಬರೆದೆ. ಅವರು ಓದಿ, “ಬಿಡಿ, ಹುಡುಗರಿಗೆ ಒಂದು ಭಯ ಇದ್ದರೆ ಒಳ್ಳೆಯದೇ” ಎಂದು ನನಗೆ ಸಮಾಧಾನ ಹೇಳಿದರು.

ಹುಡುಗ ಗ್ರಂಥಾಲಯದ ಮೆಟ್ಟಿಲಿನ ಮೇಲೆ ಕುಳಿತಿದ್ದ. ನಡೆದದ್ದನ್ನೆಲ್ಲ ಹೇಳಿದೆ. “ಪರವಾಗಿಲ್ಲ ಸಾರ್” ಎಂದ, ಎಲ್ಲ ಹುಡುಗರೂ ಎನ್ನುವಂತೆ. ಎರಡು ದಿನ ನಾಲ್ಕನೆಯ ಯಂತ್ರದಲ್ಲಿ ಏನು ಮಾಡುತ್ತಿದ್ದೆ ಎಂದು ಆಗ ಕೇಳಿದೆ. ಮಂಗಳವಾರ ಕೇಳಬೇಕಾಗಿದ್ದ ಪ್ರಶ್ನೆ. ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದನಂತೆ. ಆದಾಯದ ಪತ್ರದ ಒಂದು ಸಂಖ್ಯೆ ಹೊಂದದೆ ಎರಡು ದಿನ ಹಿಡಿದಿತ್ತು. ಬುಧವಾರ ಬೆಳಿಗ್ಗೆ ಅವನ ತಂದೆ ಸರಿಯಾದ ಪತ್ರ ತಂದುಕೊಟ್ಟಿದ್ದರು.

“ಕೊನೆಯ ದಿನ ಯಾವತ್ತು?”

“ಇವತ್ತು ಸಾರ್.”

ಗಂಟೆ ನಾಲ್ಕೂವರೆ. ಗ್ರಂಥಾಲಯಕ್ಕೆ ಬೀಗ ಬಿದ್ದಿತ್ತು. ಅವನ ಬಳಿ ಗಾಜು ಬಿರುಕು ಬಿಟ್ಟ ಫೋನಿತ್ತು, ಪತ್ರಗಳ ಚಿತ್ರಗಳೂ ಅದರಲ್ಲಿದ್ದುವು. ರೀಚಾರ್ಜ್ ಮುಗಿದು ತಿಂಗಳಾಗಿತ್ತು. ನಿನ್ನೆಯೇ ಯಾರನ್ನಾದರೂ ಕೇಳಬಾರದಾಗಿತ್ತೆ ಎನ್ನಲು ಹೋದೆ. ಯಾರನ್ನು ಕೇಳಬೇಕಾಗಿತ್ತು? ಹೊರಗೆ, ಸೈಕಲ್ ನಿಲ್ಲಿಸುವ ಕಡೆಯ ಹೊಂಗೆಮರದ ಕೆಳಗೆ ಫೋನಿಗೆ ಜೀವ ಬರುತ್ತದೆ. ಇಬ್ಬರೂ ಅಲ್ಲಿಗೆ ಹೋಗಿ ಕಟ್ಟೆಯ ಮೇಲೆ ಕುಳಿತೆವು. ನನ್ನ ಫೋನಿನ ಇಂಟರ್‌ನೆಟ್ಟನ್ನು ಅವನಿಗೆ ಹಂಚುವುದು ಹೇಗೆಂದು ಅವನೇ ತೋರಿಸಿಕೊಟ್ಟ. ಅವನ ಪರದೆಯ ಮೇಲೆ ಒಂದು ಚೌಕ ಬಂದಿತು.

“ಸಾರ್, ನಿಮ್ಮ ಪಾಸ್‌ವರ್ಡ್ ಕೇಳ್ತಾ ಇದೆ.”

ನನ್ನ ಮಗಳು ಯಾವಾಗಲೋ ಹಾಕಿಕೊಟ್ಟದ್ದು. ನೆನಪಿಗೆ ಬಂದದ್ದನ್ನು ಹೇಳಿದೆ, ತಪ್ಪಾಗಿತ್ತು. ಮೊದಲಕ್ಷರ ದೊಡ್ಡದಿರಬೇಕೆಂದೆ, ಅದೂ ತಪ್ಪಾಗಿತ್ತು. ಅವನು ಏನೂ ಹೇಳಲಿಲ್ಲ. ಬಿರುಕಿನ ಗಾಜಿನ ಮೇಲೆ ಹೆಬ್ಬೆರಳನ್ನು ಹಾಗೆಯೇ ಹಿಡಿದುಕೊಂಡು, ನಾನು ಮೂರನೆಯ ಸಲ ಹೇಳುವುದನ್ನು ಕಾಯುತ್ತ ಕುಳಿತ.